ಉಪ್ಪಿಲ್ಲದ ಊರಿನ ಒಣಮೀನು

ಕಳೆದ ತಿಂಗಳು ಕುಂದಾಪುರದ ಹತ್ತಿರ ಒಂದು ಸಣ್ಣ ಗ್ರಂಥಾಲಯದಲ್ಲಿ ಸಂಜೆ ಹೊತ್ತು ಮಾತಾಡಿದ್ದೆ. ನಲವತ್ತು ಜನ ಬಂದಿದ್ದರೇನೋ. ಕಾಲೇಜು ಹುಡುಗರು, ಇಬ್ಬರು ಮೇಷ್ಟ್ರು, ಹಿಂದಿನ ಬೆಂಚಿನಲ್ಲಿ ಮೀನು ಮಾರುವ ಏಳೆಂಟು ಹೆಂಗಸರು. ಬರಲಾಗದವರು ಬರೆದು ಕೊಡಿ ಅಂದರು. ಅವತ್ತು ಹೇಳಿದ್ದನ್ನು, ಹೇಳಲು ಮರೆತ ಒಂದೆರಡು ಸಂಗತಿ ಸೇರಿಸಿ, ಇಲ್ಲಿ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಈ ಪೊಟ್ಟಣ ಒಬ್ಬರಿಂದ ಒಬ್ಬರಿಗೆ ದಾಟಿಸಿ. ಒಳಗಿರುವುದು ಐಸ್‌ಲ್ಯಾಂಡಿನ ಒಣಮೀನು. ಹ್ಯಾಡಕ್ ಅನ್ನುವ ಮೀನು. ಮೂಸಿ ನೋಡಿ, ಮುರಿಯಿರಿ, ಬಾಯಿಗೆ ಹಾಕಿಕೊಳ್ಳಿ. ಬೇಯಿಸುವುದು ಬೇಡ, ಹುರಿಯುವುದೂ ಬೇಡ, ಹೀಗೇ ತಿನ್ನುವುದು. ಮೀನು ತಿನ್ನದವರು ಸುಮ್ನೆ ಮುಟ್ಟಿ ನೋಡಿದರೂ ಸಾಕು. ಮರದ ಸಿಪ್ಪೆಯ ಹಾಗೆ ಎಳೆ ಎಳೆಯಾಗಿ ಬಿಡುತ್ತದೆ.

ಬಾಯಿಗೆ ಹಾಕಿದ ಕೂಡಲೇ ಏನೂ ಅನ್ನಿಸುವುದಿಲ್ಲ. ರಟ್ಟಿನ ತುಂಡು ಇಟ್ಟುಕೊಂಡ ಹಾಗೆ ಇರುತ್ತದೆ. ಅರ್ಧ ನಿಮಿಷ ಅಗಿಯಿರಿ. ಜೊಲ್ಲು ಸೇರಿದ ಮೇಲೆ ನಿಧಾನಕ್ಕೆ ರುಚಿ ಬಿಡುತ್ತದೆ, ಆಮೇಲೆ ನಿಲ್ಲಿಸಲು ಆಗುವುದಿಲ್ಲ. ಆ ಡಬ್ಬಿಯಲ್ಲಿ ಬೆಣ್ಣೆ ಇದೆ. ಮೀನಿನ ಚೂರಿಗೆ ಬೆಣ್ಣೆ ದಪ್ಪಗೆ ಸವರಿಕೊಳ್ಳಬೇಕು. ಹಾಗೆ ತಿನ್ನುವುದೇ ಅಲ್ಲಿಯ ಕ್ರಮ. ಅದರ ಹೆಸರು ಹಾರ್ದ್‌ಫಿಸ್ಕುರ್. ಗಟ್ಟಿ ಮೀನು ಅಂತಷ್ಟೇ ಅರ್ಥ.

ಈಗ ಒಂದು ವಿಷಯ ಗಮನಿಸಿ. ಇದರಲ್ಲಿ ಉಪ್ಪು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಈಗೀಗ ರುಚಿಗೆ ಉಪ್ಪುನೀರಲ್ಲಿ ಒಮ್ಮೆ ಅದ್ದಿ ತೆಗೆಯುವವರಿದ್ದಾರೆ, ಹಳೇ ಕ್ರಮದಲ್ಲಿ ಅದೂ ಇರಲಿಲ್ಲ. ಉಪ್ಪು ಹಾಕದೆ, ಬಿಸಿಲಿಗೆ ಇಡದೆ, ಹೊಗೆ ಕೊಡದೆ ಒಣಗಿಸಿದ ಮೀನು ಇದು. ಒಣಗಿದ್ದು ಹಾಗೇ ಇದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಅದು ಹೇಗೆ ಅಂತ ಹೇಳುವುದಕ್ಕೇ ನಾನು ಬಂದಿರುವುದು.

ನಾನು ಐಸ್‌ಲ್ಯಾಂಡಿನ ವಾಯವ್ಯದ ಮೂಲೆಯಲ್ಲಿ ಈಸಾಫ್ಯೋರ್ದುರ್ ಅನ್ನುವ ಊರಲ್ಲಿ ಐದು ತಿಂಗಳಿದ್ದೆ. ಮೀನು ಸಂಸ್ಕರಣೆಯ ಬಗ್ಗೆ ಕಲಿಯಲು ಹೋಗಿದ್ದು. ಆ ದೇಶ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು, ಜನ ನಾಲ್ಕು ಲಕ್ಷದ ಆಸುಪಾಸು. ಈಸಾಫ್ಯೋರ್ದುರ್ ಅಂತೂ ಮೂರು ಕಡೆ ಬೆಟ್ಟ, ಮಧ್ಯದಲ್ಲಿ ಒಳಗೆ ಚಾಚಿದ ಸಮುದ್ರ. ನವೆಂಬರ್ ಕೊನೆಗೆ ಸೂರ್ಯ ಬೆಟ್ಟದ ಹಿಂದೆ ಹೋದನೆಂದರೆ ಮತ್ತೆ ಊರಿಗೆ ಬಿಸಿಲು ಬೀಳುವುದು ಜನವರಿ 25ರ ಹೊತ್ತಿಗೆ. ಅವತ್ತು ಮನೆಮನೆಯಲ್ಲಿ ತೆಳ್ಳಗಿನ ಸಿಹಿ ದೋಸೆಯಂಥದ್ದು ಹುಯ್ದು ಕಾಫಿ ಕುಡಿಯುತ್ತಾರೆ. ಸೂರ್ಯನ ಕಾಫಿ ಅಂತಲೇ ಅದಕ್ಕೆ ಹೆಸರು. ಎರಡು ತಿಂಗಳು ಬಿಸಿಲೇ ಕಾಣದ ಊರಲ್ಲಿ ಒಣಮೀನು ಮಾಡುತ್ತಾರೆ ಅಂದರೆ ನಮಗೆ ತಲೆಗೆ ಹೋಗುವುದಿಲ್ಲ ಅಲ್ವಾ? ನಮಗೆ ಒಣಗುವುದು ಅಂದರೆ ಬಿಸಿಲು. ಏಪ್ರಿಲ್ ಮೇ ತಿಂಗಳಲ್ಲಿ ಹೊಯ್ಗೆಯ ಮೇಲೆ ಬಲೆ ಹಾಸಿ ಮೀನು ಹರವಿದ್ದು ನೋಡಿ ಬೆಳೆದವರು ನಾವು.

ಉಪ್ಪಿನ ಕತೆಯೂ ಹಾಗೇ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಗದ್ದೆಗೆ ಸಮುದ್ರದ ನೀರು ಬಿಟ್ಟು ಬಿಡುತ್ತಾರೆ. ಉಳಿದದ್ದನ್ನು ಬಿಸಿಲೇ ಮಾಡುತ್ತದೆ. ಬಿಸಿಲಿಲ್ಲದ ಕಡೆ ಸಮುದ್ರದ ನೀರು ಕಾಯಿಸಿ ಬತ್ತಿಸಬೇಕು, ಅದಕ್ಕೆ ರಾಶಿ ರಾಶಿ ಸೌದೆ ಬೇಕು. ಐಸ್‌ಲ್ಯಾಂಡಿಗೆ ಜನ ಬಂದು ನೆಲೆಸಿದ್ದು ಒಂಬತ್ತನೇ ಶತಮಾನದ ಕೊನೆಗೆ. ಆಗ ಅಲ್ಲಿ ಬರ್ಚ್ ಮರದ ಕಾಡಿತ್ತು. ಕೆಲವು ತಲೆಮಾರಿನಲ್ಲಿ ಅದನ್ನು ಕಡಿದು, ಸುಟ್ಟು, ಕುರಿ ಮೇಯಿಸಿ ಮುಗಿಸಿದರು. ಆಮೇಲೆ ಅಡುಗೆಗೇ ಸೌದೆ ಇಲ್ಲ, ಕುರಿ ಹಿಕ್ಕೆ ಒಣಗಿಸಿ ಉರಿಸುವ ಹಾಗಾಯಿತು. ಇನ್ನು ಉಪ್ಪು ಮಾಡುವುದೆಲ್ಲಿ? 18ನೇ ಶತಮಾನದಲ್ಲಿ ಬಿಸಿನೀರಿನ ಬುಗ್ಗೆಯ ಶಾಖದಿಂದ ಉಪ್ಪು ಬತ್ತಿಸಲು ಒಂದು ಪ್ರಯತ್ನ ನಡೆಯಿತು, ಅದು ಬಹಳ ಕಾಲ ನಡೆಯಲಿಲ್ಲ. ಹೊರಗಿನಿಂದ ಬರುವ ಉಪ್ಪು ತುಟ್ಟಿ. ಬಾರ್ಲಿ ಬಿಟ್ಟರೆ ಬೇರೆ ಕಾಳು ಬೆಳೆಯದು, ಅದೂ ಸರಿಯಾಗಿ ಬರುವುದಿಲ್ಲ.

ಹಾಗಾಗಿ ಅಲ್ಲಿಯ ಬಡವರ ಊಟದಲ್ಲಿ ರೊಟ್ಟಿಯ ಜಾಗಕ್ಕೆ ಬಂದದ್ದು ಒಣಮೀನು. ನಾವು ರೊಟ್ಟಿಗೆ ಬೆಣ್ಣೆ ಹಚ್ಚಿಕೊಳ್ಳುವ ಹಾಗೆ ಅವರು ಮೀನಿಗೆ ಬೆಣ್ಣೆ ಹಚ್ಚಿಕೊಂಡರು. ಬೆಣ್ಣೆಗೂ ಉಪ್ಪಿಲ್ಲ, ಅದನ್ನು ಹುಳಿ ಬರಿಸಿ ವರ್ಷಗಟ್ಟಲೆ ಇಡುತ್ತಿದ್ದರು. ಮಾಂಸವನ್ನು ಹುಳಿ ಮಜ್ಜಿಗೆ ನೀರಿನಂಥ ಒಂದು ದ್ರವದಲ್ಲಿ ಮುಳುಗಿಸಿ ಇಡುತ್ತಿದ್ದರು. ಅಂದರೆ ಉಪ್ಪಿಲ್ಲದ ಮನೆಯಲ್ಲಿ ಏನೇನು ಮಾಡಬಹುದೋ ಅದನ್ನೆಲ್ಲ ಮಾಡಿ ನೋಡಿದ ಜನ ಅವರು. ಮೀನಿನ ವಿಷಯದಲ್ಲಿ ಅವರು ಕಂಡುಕೊಂಡದ್ದು ಎರಡು ದಾರಿ. ಒಂದರಲ್ಲಿ ಕೆಲಸ ಮಾಡುವುದು ಗಾಳಿ. ಇನ್ನೊಂದರಲ್ಲಿ ಮೀನಿನ ಮೈಯೊಳಗೇ ಇರುವ ವಸ್ತು.

ಗಾಳಿಯದು ಮೊದಲು ಹೇಳುತ್ತೇನೆ.

ಕಾಡ್, ಹ್ಯಾಡಕ್ ಇವೆಲ್ಲ ತಣ್ಣೀರಿನ ಬಿಳಿ ಮಾಂಸದ ಮೀನು. ಕಾಡ್ ಮೀನು ತನ್ನ ಎಣ್ಣೆಯನ್ನೆಲ್ಲ ಪಿತ್ತಜನಕಾಂಗದಲ್ಲಿ ಇಟ್ಟುಕೊಳ್ಳುತ್ತದೆ. ಸಣ್ಣವರಿದ್ದಾಗ ನಮಗೆ ಕುಡಿಸುತ್ತಿದ್ದ ಕಾಡ್ ಲಿವರ್ ಎಣ್ಣೆ ಅಲ್ಲಿಂದಲೇ ಬರುವುದು. ಮಾಂಸದಲ್ಲಿ ಕೊಬ್ಬು ನೂರಕ್ಕೆ ಒಂದು ಭಾಗವೂ ಇಲ್ಲ. ಇದು ಬಹಳ ಮುಖ್ಯ. ಹಿಂದಿನ ಬೆಂಚಿನವರಿಗೆ ನಾನು ಹೇಳಬೇಕಾಗಿಲ್ಲ, ಬೂತಾಯಿ ಒಣಗಿಸಿದರೆ ಎಣ್ಣೆ ಬಿಟ್ಟುಕೊಂಡು ಹಳದಿಯಾಗಿ ಕಮಟು ಹಿಡಿಯುತ್ತದೆ. ಎಣ್ಣೆ ಇಲ್ಲದ ಮೀನಿಗೆ ಆ ತೊಂದರೆ ಇಲ್ಲ. ಅದರಲ್ಲಿ ಇರುವುದು ನೀರು ಮತ್ತು ಪ್ರೋಟೀನ್ ಅಷ್ಟೇ, ನೂರಕ್ಕೆ ಎಂಬತ್ತು ಭಾಗ ನೀರು. ಆ ನೀರನ್ನು ತೆಗೆದರೆ ಉಳಿಯುವುದು ನಿಮ್ಮ ಕೈಯಲ್ಲಿದೆ. ಇದರಲ್ಲಿ ಈಗ ನೂರಕ್ಕೆ ಸುಮಾರು 80 ಭಾಗ ಪ್ರೋಟೀನ್. ಒಂದು ಕೆಜಿ ಇಂಥದ್ದು ಆಗಬೇಕಾದರೆ ಹತ್ತಿರ ಹತ್ತಿರ ಐದು ಕೆಜಿ ಹಸಿ ಮಾಂಸ ಬೇಕು. ಅಂಗಡಿಯಲ್ಲಿ ಇದು ಯಾಕಷ್ಟು ತುಟ್ಟಿ ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ನೀರು ತೆಗೆಯುವುದು ಗಾಳಿ. ಸಮುದ್ರದ ದಂಡೆಯಲ್ಲಿ ಒಂದು ಗುಡಿಸಲು ಕಟ್ಟುತ್ತಾರೆ. ಹ್ಯಾಟ್ಲುರ್ ಅಂತ ಅದರ ಹೆಸರು. ಮೇಲೆ ಮಾಡು ಇದೆ, ಗೋಡೆ ಮಾತ್ರ ಹಲಗೆ ಹಲಗೆ, ನಡುವೆ ಬೆರಳು ತೂರುವಷ್ಟು ಸಂದು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಬೇಕು, ಮಳೆ ಹಿಮ ಒಳಗೆ ಬರಬಾರದು. ಮೀನನ್ನು ಸೀಳಿ, ಮುಳ್ಳು ತೆಗೆದು, ಬಾಲದ ಕಡೆ ಜೋಡಿ ಬಿಡಿಸದೆ ಕೋಲಿನ ಮೇಲೆ ನೇತು ಹಾಕುತ್ತಾರೆ. ಹಗಲು ಸೊನ್ನೆಯ ಹತ್ತಿರ, ರಾತ್ರಿ ಅದಕ್ಕಿಂತ ಕೆಳಗೆ. ಮೀನು ಹೆಪ್ಪುಗಟ್ಟುತ್ತದೆ, ಸಡಿಲವಾಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಅಷ್ಟು ಚಳಿಗೆ ಕೊಳೆಸುವ ಸೂಕ್ಷ್ಮಜೀವಿಗಳು ಏಳುವುದೇ ಇಲ್ಲ. ನಾಲ್ಕರಿಂದ ಆರು ವಾರದಲ್ಲಿ ಒಣಗಿ ನಿಲ್ಲುತ್ತದೆ. ಈಗ ಬಹಳ ಮಂದಿ ಒಳಗೇ ಫ್ಯಾನ್ ಹಾಕಿ ಒಂದೆರಡು ದಿನದಲ್ಲಿ ಒಣಗಿಸುತ್ತಾರೆ. ಅದೂ ಚೆನ್ನಾಗಿರುತ್ತದೆ. ಆದರೆ ಗಾಳಿಗೆ ತೂಗಿದ್ದಕ್ಕೆ ಬರುವ ವಾಸನೆ ಅದಕ್ಕೆ ಬರುವುದಿಲ್ಲ. ನಾನು ಎರಡನ್ನೂ ತಿಂದು ಹೇಳುತ್ತಿದ್ದೇನೆ.

ಬಾಡಿಗೆಗಿದ್ದ ಮನೆಯ ಅಜ್ಜಿಗೆ ಎಂಬತ್ತು ದಾಟಿತ್ತು. ಅವರ ಅಡುಗೆಮನೆ ಬಾಗಿಲ ಹೊರಗೆ ಒಂದು ಚಪ್ಪಟೆ ಕಲ್ಲು, ನಡು ಭಾಗ ಸವೆದು ಗುಳಿ ಬಿದ್ದಿತ್ತು. ನಮ್ಮ ಹಳೇ ಅರೆಯುವ ಕಲ್ಲು ಸವೆದ ಹಾಗೆ. ಅದರ ಪಕ್ಕ ಒಂದು ಕಲ್ಲಿನ ಸುತ್ತಿಗೆ, ನಡುವೆ ತೂತು ಕೊರೆದು ಮರದ ಹಿಡಿ ಹಾಕಿದ್ದು. ಒಣಗಿದ ಮೀನು ಹಾಗೇ ತಿನ್ನಲು ಆಗದಷ್ಟು ಗಟ್ಟಿ. ಅದನ್ನು ಈ ಕಲ್ಲಿನ ಮೇಲಿಟ್ಟು ಜಜ್ಜಬೇಕು. ಜಜ್ಜಿದಾಗ ಎಳೆ ಬಿಡಿಬಿಡಿಯಾಗಿ ಉಬ್ಬಿ ನಿಲ್ಲುತ್ತದೆ. ಅಜ್ಜಿ ಒಂದು ದಿನ ಸುತ್ತಿಗೆ ನನ್ನ ಕೈಗೆ ಕೊಟ್ಟರು. ನಾನು ಜೋರಾಗಿ ಹೊಡೆದೆ, ಮೀನು ಪುಡಿಯಾಯಿತು. ಅವರು ನನ್ನ ಮಣಿಕಟ್ಟು ಹಿಡಿದು ತೋರಿಸಿದರು. ಸುತ್ತಿಗೆ ಎತ್ತಿ ಬಿಡುವುದು ಅಷ್ಟೇ, ಅದರ ಭಾರಕ್ಕೆ ಅದೇ ಬೀಳಬೇಕು, ಕೈ ಒತ್ತಬಾರದು. ಬಾಲದಿಂದ ಶುರು ಮಾಡಿ ತಲೆಯ ಕಡೆಗೆ ಹೋಗಬೇಕು. ಅವರ ಅಮ್ಮನೂ ಅದೇ ಕಲ್ಲಿನ ಮೇಲೆ ಜಜ್ಜುತ್ತಿದ್ದರಂತೆ.

ಆ ಕಡೆಯ ಊರುಗಳಲ್ಲಿ ವೂಲ್ಫ್‌ಫಿಶ್ ಅನ್ನುವ ಮೀನಿನ ಚರ್ಮವನ್ನು ಒಣಗಿಸಿ ಕಾಲಿಗೆ ಕಟ್ಟಿಕೊಳ್ಳುವ ಜೋಡು ಮಾಡುತ್ತಿದ್ದರು. ಬೇಗ ಸವೆಯುತ್ತಿತ್ತು. ಬೆಟ್ಟದ ದಾರಿ ಎಷ್ಟು ದೂರ ಅಂದರೆ ಇಷ್ಟು ಜೋಡು ಸವೆಯುವಷ್ಟು ದೂರ ಅಂತ ಲೆಕ್ಕ ಹೇಳುತ್ತಿದ್ದರಂತೆ. ಮೀನಿನ ಯಾವ ಭಾಗವನ್ನೂ ಅವರು ಬಿಟ್ಟಿಲ್ಲ.

ಗಾಳಿಯಲ್ಲಿ ಒಣಗಿಸಿದ ಮೀನು ಆ ದೇಶವನ್ನು ಸಾಕಿತು. ತಲೆ ತೆಗೆದು ಇಡೀ ಮೀನನ್ನು ತೆರೆದ ಅಟ್ಟಣಿಗೆಯ ಮೇಲೆ ನೇತು ಹಾಕಿ ಒಣಗಿಸಿದ್ದಕ್ಕೆ ಸ್ಕ್ರೇದ್ ಅನ್ನುತ್ತಾರೆ, ಅದು ಮಾರಾಟದ ಸರಕು. ಕ್ಯಾಥೊಲಿಕ್ ಯುರೋಪಿನಲ್ಲಿ ಮಾಂಸ ತಿನ್ನಬಾರದ ಉಪವಾಸದ ದಿನಗಳು ವರ್ಷಕ್ಕೆ ಬಹಳ ಇದ್ದವು. ಮೀನು ತಿನ್ನಬಹುದಿತ್ತು. ಹಾಗಾಗಿ 15ನೇ ಶತಮಾನದಲ್ಲಿ ಇಂಗ್ಲಿಷ್ ಹಡಗುಗಳು, ಆಮೇಲೆ ಜರ್ಮನ್ ವ್ಯಾಪಾರಿಗಳು ಈ ಮೀನಿಗಾಗಿ ಅಲ್ಲಿಗೆ ಬಂದರು, ಹಿಟ್ಟು, ಬಟ್ಟೆ, ಕಬ್ಬಿಣ ಕೊಟ್ಟು ಮೀನು ಒಯ್ದರು. ಐಸ್‌ಲ್ಯಾಂಡ್ ಡೆನ್ಮಾರ್ಕ್ ದೊರೆಯ ಕೈಕೆಳಗಿದ್ದಾಗ ಅದರ ಲಾಂಛನ ಏನು ಗೊತ್ತಾ? ಕೆಂಪು ಗುರಾಣಿಯ ಮೇಲೆ ಒಂದು ಒಣಮೀನು, ಮೀನಿಗೆ ಕಿರೀಟ. 1903ರಲ್ಲಿ ಅದನ್ನು ತೆಗೆದು ಗಿಡುಗ ಇಟ್ಟರು. ಒಣಮೀನು ದೇಶಕ್ಕೆ ಮರ್ಯಾದೆ ತರುವಂಥದ್ದಲ್ಲ ಅಂತ ಆಗಿನವರಿಗೆ ಅನ್ನಿಸಿತ್ತು. ನನಗೆ ಇದು ಈಗಲೂ ಬೇಜಾರಿನ ಸಂಗತಿ. ಊರನ್ನು ಸಾಕಿದ್ದು ಮೀನು, ಗಿಡುಗ ಅಲ್ಲ.

ಈಗ ಎರಡನೇ ದಾರಿಗೆ ಬರೋಣ. ನಿಮ್ಮಲ್ಲಿ ಹಲವರು ಯೂಟ್ಯೂಬಿನಲ್ಲಿ ನೋಡಿರುತ್ತೀರಿ. ಐಸ್‌ಲ್ಯಾಂಡಿನ ಕೊಳೆತ ಶಾರ್ಕ್, ಪ್ರಪಂಚದ ಅತಿ ಕೆಟ್ಟ ತಿಂಡಿ, ತಿಂದವನು ಮುಖ ಕಿವುಚಿ ಉಗುಳುವುದು, ಸುತ್ತ ನಿಂತವರು ನಗುವುದು. ಅಂಥ ವಿಡಿಯೊ ನೋಡಿ ನನಗೆ ಸಿಟ್ಟು ಬರುತ್ತದೆ. ಅದು ಕೊಳೆತದ್ದಲ್ಲ. ಕೊಳೆಯದ ಹಾಗೆ ಮಾಡಿದ್ದು.

ಅದರ ಹೆಸರು ಹೌಕಾರ್ಟ್ಲ್. ಗ್ರೀನ್‌ಲ್ಯಾಂಡ್ ಶಾರ್ಕ್ ಅನ್ನುವ ತಾಟೆಯಿಂದ ಮಾಡುವುದು. ಶಾರ್ಕಿಗೆ ನಮ್ಮ ಕಡೆ ತಾಟೆ ಅನ್ನುತ್ತಾರೆ. ಐದು ಮೀಟರ್ ಮೀರಿ ಬೆಳೆಯುತ್ತದೆ, ಉತ್ತರದ ಹಿಮದ ನೀರಿನ ಆಳದಲ್ಲಿ ಬಹಳ ನಿಧಾನಕ್ಕೆ ಈಜಿಕೊಂಡಿರುತ್ತದೆ. ಈ ತಾಟೆಯ ಹಸಿ ಮಾಂಸ ವಿಷ. ತಿಂದ ನಾಯಿಗಳು ಕುಡಿದವರ ಹಾಗೆ ತೂರಾಡಿ ಬೀಳುತ್ತವೆ. ಜಾಸ್ತಿ ತಿಂದರೆ ಸಾಯುತ್ತವೆ.

ಯಾಕೆ ವಿಷ? ತಾಟೆ, ಚಪ್ಪಟೆ ಮೈಯ ತೊರಕೆ ಈ ಜಾತಿಯ ಮೀನುಗಳೆಲ್ಲ ತಮ್ಮ ರಕ್ತ ಮಾಂಸದಲ್ಲಿ ಯೂರಿಯಾ ತುಂಬಿಟ್ಟುಕೊಂಡಿರುತ್ತವೆ. ಹೌದು, ಗದ್ದೆಗೆ ಹಾಕುವ ಯೂರಿಯಾನೇ. ಹೊರಗಿನ ನೀರು ಉಪ್ಪು, ಅದು ಮೈಯೊಳಗಿನ ನೀರನ್ನು ಹೀರಿಕೊಳ್ಳುತ್ತದೆ. ಹೀರದ ಹಾಗೆ ತಡೆಯಲು ಮೈಯೊಳಗೂ ಅಷ್ಟೇ ಸಾಂದ್ರವಾಗಿ ಏನಾದರೂ ಇರಬೇಕು, ಅದಕ್ಕೆ ಯೂರಿಯಾ. ಆದರೆ ಯೂರಿಯಾ ಜಾಸ್ತಿಯಾದರೆ ಅದೇ ಮೈಯ ಪ್ರೋಟೀನನ್ನು ಕೆಡಿಸುತ್ತದೆ. ಅದನ್ನು ತಡೆಯಲು ಇನ್ನೊಂದು ವಸ್ತು ಇಟ್ಟುಕೊಂಡಿದೆ, ಟ್ರೈಮಿಥೈಲಮೀನ್ ಆಕ್ಸೈಡ್ ಅಂತ. ಗ್ರೀನ್‌ಲ್ಯಾಂಡ್ ಶಾರ್ಕಿನಲ್ಲಿ ಇದು ವಿಪರೀತ. ಹಸಿ ಮಾಂಸ ಹೊಟ್ಟೆಗೆ ಹೋದರೆ ಕರುಳಿನಲ್ಲಿ ಇದು ಟ್ರೈಮಿಥೈಲಮೀನ್ ಆಗಿ ಬದಲಾಗಿ ತಲೆಗೆ ಏರುತ್ತದೆ. ವಿಷ ಅಂದದ್ದು ಇದನ್ನೇ. ಈ ತಾಟೆಗೆ ಮೂತ್ರಪಿಂಡ ಇಲ್ಲ, ಚರ್ಮದಿಂದಲೇ ಮೂತ್ರ ಬಿಡುತ್ತದೆ ಅಂತ ಹೇಳುವವರಿದ್ದಾರೆ. ಅದು ಸುಳ್ಳು. ಹೂಳಿದ ಮೀನಿನ ಮೇಲೆ ಅಲ್ಲಿನ ಜನ ಮೂತ್ರ ಮಾಡುತ್ತಾರೆ ಅನ್ನುವುದಂತೂ ಯಾರೋ ಕಟ್ಟಿದ ಕೆಟ್ಟ ಕತೆ.

ಹಳೇ ಕ್ರಮ ಹೀಗಿತ್ತು. ಕಡಲ ದಂಡೆಯಿಂದ ಸ್ವಲ್ಪ ಮೇಲೆ, ಇಳಿಜಾರಿರುವ ಕಡೆ, ಹೊಯ್ಗೆ ಮತ್ತು ಸಣ್ಣ ಕಲ್ಲಿರುವ ಜಾಗದಲ್ಲಿ ಹೊಂಡ ತೋಡುವುದು. ತಾಟೆಯ ತಲೆ, ಕರುಳು ತೆಗೆದು ತುಂಡು ಮಾಡಿ ಅದರಲ್ಲಿ ಹೂಳುವುದು. ಮೇಲೆ ಹೊಯ್ಗೆ ಎಳೆದು ಭಾರದ ಕಲ್ಲು ಹೇರುವುದು. ಇಳಿಜಾರು ಯಾಕೆ, ಭಾರ ಯಾಕೆ ಅಂದರೆ ಮಾಂಸದ ನೀರು ಹಿಂಡಿ ಹರಿದುಹೋಗಬೇಕು, ಅಲ್ಲೇ ನಿಲ್ಲಬಾರದು. ಆರರಿಂದ ಹನ್ನೆರಡು ವಾರ ಹಾಗೇ ಬಿಡುತ್ತಾರೆ, ಬೇಸಿಗೆಯಲ್ಲಿ ಕಡಿಮೆ, ಚಳಿಗೆ ಜಾಸ್ತಿ. ಈಗ ಹೊಂಡದ ಬದಲು ತಳದಲ್ಲಿ ತೂತಿರುವ ಪ್ಲಾಸ್ಟಿಕ್ ತೊಟ್ಟಿ ಬಂದಿದೆ. ಕೆಲಸ ಅದೇ.

ಒಳಗೆ ಏನಾಗುತ್ತದೆ? ಸೂಕ್ಷ್ಮಜೀವಿಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಬೆಳಿಗ್ಗೆ ಹಟ್ಟಿ ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಮೂಗಿಗೆ ಹೊಡೆಯುತ್ತದಲ್ಲ, ಅದೇ ಅಮೋನಿಯಾ. ಅಮೋನಿಯಾ ಹೆಚ್ಚಿದ ಹಾಗೆ ಮಾಂಸ ಕ್ಷಾರವಾಗುತ್ತದೆ, ಪಿಎಚ್ 9ರ ಹತ್ತಿರ ಹೋಗುತ್ತದೆ. ಸೋಪಿನ ನೀರಿನಷ್ಟು ಅಂದುಕೊಳ್ಳಿ. ಅಷ್ಟು ಕ್ಷಾರದಲ್ಲಿ ಮಾಂಸ ಕೊಳೆಸುವ ಜೀವಿಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ. ನಾವು ಆಹಾರ ಕಾಪಾಡುವುದು ಹುಳಿಯಿಂದ. ಮೊಸರು, ಉಪ್ಪಿನಕಾಯಿ, ಹುಳಿ ಬಂದ ದೋಸೆ ಹಿಟ್ಟು ಎಲ್ಲ ಆ ಕಡೆಯವು. ಇದು ಪೂರ್ತಿ ತಿರುಗಾಮುರುಗ ದಾರಿ. ಹೊರಗಿನಿಂದ ಚಿಟಿಕೆ ಉಪ್ಪೂ ಬಿದ್ದಿಲ್ಲ, ಆ ಮೀನು ತನ್ನ ಮೈಯಲ್ಲಿ ಇಟ್ಟುಕೊಂಡಿದ್ದ ಯೂರಿಯಾನೇ ಅದನ್ನು ಕಾಪಾಡುತ್ತದೆ. ಇದು ನನಗೆ ಮೊದಲ ಸಲ ಅರ್ಥವಾದ ರಾತ್ರಿ ನಿದ್ದೆ ಬರಲಿಲ್ಲ. ರಸಾಯನಶಾಸ್ತ್ರದ ಗಂಧಗಾಳಿ ಇಲ್ಲದ ಕಾಲದಲ್ಲಿ, ಹಸಿದ ಜನ, ತಪ್ಪಿದರೆ ಸಾವು ಅನ್ನುವ ಸ್ಥಿತಿಯಲ್ಲಿ ಇದನ್ನು ಕಂಡುಕೊಂಡಿದ್ದಾರೆ.

ಹೊಂಡದಿಂದ ತೆಗೆದದ್ದನ್ನು ತೊಳೆದು, ಉದ್ದುದ್ದ ತುಂಡು ಮಾಡಿ, ಗಾಳಿ ಗುಡಿಸಲಲ್ಲಿ ನೇತು ಹಾಕುತ್ತಾರೆ. ನಾಲ್ಕೈದು ತಿಂಗಳು. ವಿಷದ ವಸ್ತು ನೀರಿನ ಜೊತೆ ಹರಿದು, ಉಳಿದದ್ದು ಗಾಳಿಗೆ ಹಾರಿ ಕಡಿಮೆಯಾಗುತ್ತದೆ. ಹೊರಗೆ ಕಂದು ಬಣ್ಣದ ದಪ್ಪ ಹೊಪ್ಪಳಿಕೆ ಕಟ್ಟುತ್ತದೆ. ಅದನ್ನು ಕೆತ್ತಿ ತೆಗೆದರೆ ಒಳಗೆ ಮೇಣದ ಹಾಗೆ ಮಾಂಸ.

ಸ್ನೈಫೆಲ್ಸ್‌ನೆಸ್ ಅನ್ನುವ ಕಡೆ ಬ್ಯಾರ್ನರ್‌ಹೋಪ್ನ್ ಅಂತ ಒಂದು ತೋಟದಮನೆ ಇದೆ. ತಲೆಮಾರುಗಳಿಂದ ಈ ಕೆಲಸ ಮಾಡುವ ಮನೆತನದ್ದು. ಈಗ ಅಲ್ಲೇ ಶಾರ್ಕ್ ಸಂಗ್ರಹಾಲಯವೂ ಇದೆ, ಹಿಂದೆ ಗುಡ್ಡದ ಬುಡದಲ್ಲಿ ಗಾಳಿ ಗುಡಿಸಲು. ನಾನು ಹೋದ ದಿನ ಗಾಳಿ ಬೀಸುತ್ತಿತ್ತು. ಗುಡಿಸಲು ಕಾಣುವ ಮುಂಚೆಯೇ ವಾಸನೆ ಸಿಕ್ಕಿತು. ಒಳಗೆ ಹೋದರೆ ಮಾಡಿನಿಂದ ಸಾಲು ಸಾಲಾಗಿ ತೂಗುತ್ತಿದ್ದವು, ಹಳೇ ಬೆಲ್ಲದ ಬಣ್ಣ, ಕೆಲವಕ್ಕೆ ಮೇಲೆ ಬೂಷ್ಟು, ಕೆಳಗೆ ಒಂದೊಂದು ಹನಿ ಎಣ್ಣೆ ನಿಂತಿತ್ತು. ಹಲಗೆ ಸಂದಿನಿಂದ ಬೆಳಕು ಪಟ್ಟೆ ಪಟ್ಟೆಯಾಗಿ ಬೀಳುತ್ತಿತ್ತು. ಬೆರಳಲ್ಲಿ ಒತ್ತಿದೆ, ಹೊರಗೆ ಗಟ್ಟಿ, ಒಳಗೆ ಸ್ವಲ್ಪ ತಗ್ಗಿತು.

ತಿನ್ನಲು ಸಕ್ಕರೆ ಅಚ್ಚಿನಷ್ಟು ಸಣ್ಣ ಚೂರು ಕೊಡುತ್ತಾರೆ. ಮೂಗಿಗೆ ಅಮೋನಿಯಾ ಮೊದಲು ಹೊಡೆಯುತ್ತದೆ, ಕಣ್ಣಲ್ಲಿ ನೀರು ಬಂತು. ಬಾಯಲ್ಲಿ ಅಷ್ಟಿಲ್ಲ. ಅಗಿಯುತ್ತಾ ಹೋದ ಹಾಗೆ ಹಳೇ ಚೀಸಿನ ರುಚಿ, ಕೊನೆಗೆ ಸ್ವಲ್ಪ ಸಿಹಿ. ಹೊಟ್ಟೆಯ ಭಾಗ ಕೆಂಪಗೆ ಗಾಜಿನ ಹಾಗೆ ಮಿಂಚುತ್ತದೆ, ರಬ್ಬರಿನಷ್ಟು ಅಗಿಯಬೇಕು. ಬೆನ್ನಿನ ಭಾಗ ಬೆಳ್ಳಗೆ ಮೆತ್ತಗೆ. ಎರಡಕ್ಕೂ ಬೇರೆ ಬೇರೆ ಹೆಸರು. ನನಗೆ ಬಿಳಿಯದೇ ಸರಿ ಅನ್ನಿಸಿತು. ಅದರ ಜೊತೆ ಕ್ಯಾರವೇ ಕಾಳು ಹಾಕಿದ ಬ್ರೆನ್ನಿವೀನ್ ಅನ್ನುವ ಸಾರಾಯಿ ಕುಡಿಯುವವರು ಕುಡಿಯುತ್ತಾರೆ.

ಈ ತಾಟೆಯ ಬಗ್ಗೆ ಇನ್ನೊಂದು ಮಾತು ಹೇಳದೆ ಇರಲಾರೆ. 2016ರಲ್ಲಿ ವಿಜ್ಞಾನಿಗಳು ಇದರ ಕಣ್ಣಿನ ಮಸೂರ ಪರೀಕ್ಷಿಸಿ ವಯಸ್ಸು ಅಂದಾಜು ಮಾಡಿದರು. ಪರೀಕ್ಷಿಸಿದವುಗಳಲ್ಲಿ ದೊಡ್ಡದಕ್ಕೆ ಕಡಿಮೆ ಅಂದರೂ 272 ವರ್ಷ ಆಗಿತ್ತು, 390ರ ಹತ್ತಿರವೂ ಇರಬಹುದು. ಹೆಣ್ಣು ಮರಿ ಹಾಕುವ ವಯಸ್ಸಿಗೆ ಬರುವುದೇ ಸುಮಾರು 150 ವರ್ಷಕ್ಕೆ. 18, 19ನೇ ಶತಮಾನದಲ್ಲಿ ಇದನ್ನು ಹಿಡಿಯುತ್ತಿದ್ದದ್ದು ಮಾಂಸಕ್ಕಿಂತ ಜಾಸ್ತಿ ಪಿತ್ತಜನಕಾಂಗದ ಎಣ್ಣೆಗೆ. ಯುರೋಪಿನ ನಗರಗಳ ಬೀದಿ ದೀಪ ಆ ಎಣ್ಣೆಯಲ್ಲಿ ಉರಿಯುತ್ತಿತ್ತು. ಸೀಮೆಎಣ್ಣೆ ಬಂದ ಮೇಲೆ ಆ ಬೇಟೆ ನಿಂತಿತು. ಈಗ ಹೆಚ್ಚಾಗಿ ಬೇರೆ ಮೀನಿಗೆ ಹಾಕಿದ ಬಲೆಗೆ ತಾನಾಗಿ ಸಿಕ್ಕಿದ್ದನ್ನು ಹೌಕಾರ್ಟ್ಲ್ ಮಾಡುತ್ತಾರೆ. ಅಷ್ಟರಲ್ಲೇ ಇರಲಿ ಅಂತ ನನ್ನ ಆಸೆ. ಮುನ್ನೂರು ವರ್ಷ ಬದುಕುವ ಪ್ರಾಣಿಯನ್ನು ಪ್ರವಾಸಿಗರ ಪಂದ್ಯಕ್ಕಾಗಿ ಹಿಡಿಯುವಂತೆ ಆಗಬಾರದು.

ಇದೇ ಯೂರಿಯಾ ದಾರಿಯ ಇನ್ನೊಂದು ಅಡುಗೆ ಹುದುಗಿಸಿದ ತೊರಕೆ. ಸರಿಯಾಗಿ ಹೇಳಬೇಕೆಂದರೆ ತೊರಕೆಯ ಹತ್ತಿರದ ನಂಟ, ಸ್ಕೇಟ್ ಅನ್ನುವ ಮೀನು. ಕೈಸ್ತ್ ಸ್ಕಾತಾ ಅನ್ನುತ್ತಾರೆ. ಇದಕ್ಕೆ ಹೊಂಡ ಬೇಕಿಲ್ಲ, ತೊಟ್ಟಿಯಲ್ಲಿ ಪೇರಿಸಿ ಕೆಲವು ವಾರ ಬಿಟ್ಟರೆ ಆಯಿತು. ತಿನ್ನುವ ದಿನ ಡಿಸೆಂಬರ್ 23. ಥೋರ್ಲೌಕುರ್ ಅನ್ನುವ ಬಿಷಪ್ 1193ರಲ್ಲಿ ತೀರಿಕೊಂಡ ದಿನ ಅದು, ಐಸ್‌ಲ್ಯಾಂಡಿನ ಸಂತ. ಕ್ರಿಸ್‌ಮಸ್ ಮುಂಚಿನ ಉಪವಾಸದ ಕೊನೇ ದಿನ ಬಡ ಊಟ ಮಾಡಬೇಕು, ಮರುದಿನದ ಹಬ್ಬದೂಟ ಇನ್ನೂ ರುಚಿ ಅನ್ನಿಸಬೇಕು ಅಂತ ಹಿರಿಯರ ಲೆಕ್ಕ. ನಾನಿದ್ದ ವಾಯವ್ಯದ ಕಡೆಯ ಪದ್ಧತಿ ಇದು. ಆ ಕಡೆಯವರು ಕೆಲಸಕ್ಕೆ ರೇಕ್ಯಾವಿಕ್‌ಗೆ ಹೋಗಿ ನೆಲೆಸಿದ ಮೇಲೆ ದೇಶಕ್ಕೆಲ್ಲ ಹಬ್ಬಿತು.

ಅವತ್ತು ಅಜ್ಜಿಯ ಮನೆಯಲ್ಲಿ ಹನ್ನೊಂದು ಜನ. ಸ್ಕೇಟನ್ನು ನೀರಲ್ಲಿ ಬೇಯಿಸುವುದು ಅಷ್ಟೇ, ಬೇರೇನಿಲ್ಲ. ಪಾತ್ರೆಯ ಮುಚ್ಚಳ ತೆಗೆದಾಗ ಇಡೀ ಅಡುಗೆಮನೆ ಕಣ್ಣು ಒರೆಸಿಕೊಂಡಿತು. ಬೇಯಿಸಿದ ಆಲೂಗಡ್ಡೆ, ಸಿಹಿ ಬೆರೆತ ಕಪ್ಪು ರೈ ಬ್ರೆಡ್ಡು, ಮೇಲೆ ಕಾಯಿಸಿದ ಕುರಿ ಕೊಬ್ಬು. ಕೊಬ್ಬು ಹಾಕಿಕೊಂಡರೆ ಅಮೋನಿಯಾದ ಖಾರ ತಗ್ಗುತ್ತದೆ. ಮೊದಲ ತುತ್ತಿಗೆ ನಾಲಿಗೆ ಚುರುಕ್ ಅಂದಿತು, ಮೂರನೆಯದಕ್ಕೆ ನಾನೇ ಕೈ ಚಾಚಿದೆ. ಚಿಕ್ಕ ಮಕ್ಕಳಿಗೆ ಹುದುಗಿಸದ ಮೀನು ಬೇರೆ ಬೇಯಿಸಿದ್ದರು. ಊಟ ಆದ ಮೇಲೆ ಅಜ್ಜಿ ಹೊಗೆ ಹಾಕಿದ ಕುರಿ ಮಾಂಸ ಒಲೆಗೆ ಇಟ್ಟರು. ಅದು ಹಬ್ಬಕ್ಕೆ ಬೇಕಾದದ್ದು, ಜೊತೆಗೆ ಮನೆಯ ಸ್ಕೇಟ್ ವಾಸನೆ ಹೋಗಿಸುವುದಕ್ಕೂ ಅದೇ ಮದ್ದು. ನನ್ನ ಸ್ವೆಟರಿನಿಂದ ಮಾತ್ರ ಎರಡು ಸಲ ಒಗೆದರೂ ಹೋಗಲಿಲ್ಲ.

ಜನವರಿ ಕೊನೆಗೆ ಥೋರ್ರಿ ಅನ್ನುವ ಹಳೇ ಲೆಕ್ಕದ ತಿಂಗಳು ಶುರುವಾಗುತ್ತದೆ. ಆಗ ಊರೂರಲ್ಲಿ ಸಹಪಂಕ್ತಿ ಊಟ. ಹಾರ್ದ್‌ಫಿಸ್ಕುರ್, ಹೌಕಾರ್ಟ್ಲ್, ಹುಳಿ ಬರಿಸಿದ ಮಾಂಸ, ಎಲ್ಲ ಒಟ್ಟಿಗೆ ಮೇಜಿಗೆ ಬರುತ್ತದೆ. ಇದು ಅನಾದಿಯಿಂದ ಎಡೆಬಿಡದೆ ಬಂದದ್ದು ಅಂತ ಪ್ರವಾಸಿಗರಿಗೆ ಹೇಳುತ್ತಾರೆ. ನಿಜ ಅಂದರೆ ಮಧ್ಯೆ ನಿಂತುಹೋಗಿತ್ತು. 19ನೇ ಶತಮಾನದಲ್ಲಿ ವಿದ್ಯಾರ್ಥಿಗಳು ಅದಕ್ಕೆ ಮತ್ತೆ ಜೀವ ಕೊಟ್ಟರು. 1958ರಲ್ಲಿ ರೇಕ್ಯಾವಿಕ್‌ನ ಒಂದು ಹೋಟೆಲು ಈ ಹಳ್ಳಿ ಊಟವನ್ನು ಮರದ ತಟ್ಟೆಯಲ್ಲಿಟ್ಟು ಬಡಿಸಲು ಶುರು ಮಾಡಿತು, ಊರು ಬಿಟ್ಟು ಬಂದವರು ಮುಗಿಬಿದ್ದರು. ಹಾಗೆ ಮರಳಿ ಬಂತು ಅನ್ನುವುದರಲ್ಲಿ ನನಗೇನೂ ಕೊರತೆ ಕಾಣುವುದಿಲ್ಲ. ಬೇಕು ಅನ್ನಿಸಿದ್ದಕ್ಕೇ ತಾನೇ ಬಂದದ್ದು.

ಕೊನೆಗೆ ತಲೆಯ ಮಾತು. ಅಷ್ಟು ಕಾಡ್ ಮೀನು ಹಿಡಿದರೆ ತಲೆ ಏನು ಮಾಡುವುದು? ಒಣಗಿಸಿ ನೈಜೀರಿಯಾಕ್ಕೆ ಕಳಿಸುತ್ತಾರೆ. 1967ರಿಂದ 70ರ ತನಕ ಅಲ್ಲಿ ಬಿಯಾಫ್ರಾ ಯುದ್ಧ ನಡೆದು ಜನ ಹಸಿವಿನಿಂದ ಸತ್ತರು. ಪರಿಹಾರಕ್ಕೆ ಹೋದ ಆಹಾರದಲ್ಲಿ ಉತ್ತರ ಯುರೋಪಿನ ಒಣಮೀನೂ ಇತ್ತು. ಫ್ರಿಜ್ ಬೇಡ, ಕೆಡುವುದಿಲ್ಲ, ಪ್ರೋಟೀನ್ ರಾಶಿ. ಈಗ ಆ ಕಡೆಯ ಇಗ್ಬೊ ಜನರ ಸಾರಿಗೆ ಅದು ಬೇಕೇ ಬೇಕು. ಒಕ್ಪೊರೊಕೊ ಅನ್ನುತ್ತಾರೆ, ಪಾತ್ರೆಯಲ್ಲಿ ಸದ್ದು ಮಾಡುವುದು ಅಂತ ಅರ್ಥ ಹೇಳುತ್ತಾರೆ. ಐಸ್‌ಲ್ಯಾಂಡಿನಲ್ಲಿ ತಲೆಗಳನ್ನು ಈಗ ನೆಲದೊಳಗಿನ ಬಿಸಿನೀರಿನ ಶಾಖದಿಂದ ಒಳಗೇ ಒಣಗಿಸುತ್ತಾರೆ. ಅಂದು ಉಪ್ಪು ಬತ್ತಿಸಲು ಒದಗದ ಬಿಸಿನೀರು ಮೀನಿನ ತಲೆ ಒಣಗಿಸಲು ಒದಗಿತು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಬರೆಯುತ್ತೇನೆ.

ಒಬ್ಬ ಹುಡುಗ ಕೇಳಿದ, ನಮ್ಮ ತಾಟೆಯನ್ನೂ ಹಾಗೆ ಹೂಳಬಹುದಾ ಸರ್? ಬೇಡವೇ ಬೇಡ ಅಂದೆ. ಆ ಪಾಕದಲ್ಲಿ ಅರ್ಧ ಕೆಲಸ ಚಳಿಯದು. ಇಲ್ಲಿಯ ಮೂವತ್ತು ಡಿಗ್ರಿಯಲ್ಲಿ ಹೂಳಿದರೆ ಆಗುವುದೇ ಬೇರೆ, ಜೀವಕ್ಕೆ ಅಪಾಯ. ನಮಗೆ ಉಪ್ಪಿದೆ, ಬಿಸಿಲಿದೆ, ಅದರ ದಾರಿ ನಮ್ಮವರಿಗೆ ಗೊತ್ತಿದೆ. ಆದರೆ ನಮ್ಮ ಒಣ ತಾಟೆ, ಒಣ ತೊರಕೆಯ ಕಟ್ಟು ಬಿಚ್ಚಿದಾಗ ಮೂಗಿಗೆ ಚುರುಕ್ ಅನ್ನುವ ಒಂದು ವಾಸನೆ ಬರುತ್ತದಲ್ಲ, ಅದೂ ಯೂರಿಯಾ ಅಮೋನಿಯಾ ಆದದ್ದೇ. ಅಷ್ಟರ ಮಟ್ಟಿಗೆ ನಮ್ಮದೂ ಅವರದೂ ಒಂದೇ.

ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬರು ಅಮ್ಮ ಎದ್ದರು. ನಲವತ್ತು ವರ್ಷದಿಂದ ಮೀನು ಒಣಗಿಸುವವರು. "ಅಲ್ಲಿ ನೊಣ ಬತ್ತಿಲ್ಯಾ ಮಗಾ?" ಅಂತ ಕೇಳಿದರು. ಇಡೀ ಸಂಜೆಯಲ್ಲಿ ಅಷ್ಟು ಸರಿಯಾದ ಪ್ರಶ್ನೆ ಬೇರೊಂದು ಬರಲಿಲ್ಲ. ಒಣಮೀನು ಮಾಡುವವರ ದೊಡ್ಡ ಶತ್ರು ನೊಣ. ಅಲ್ಲೂ ನೊಣ ಇದೆ, ಬೇಸಿಗೆಯಲ್ಲಿ ಬರುತ್ತದೆ. ಅದಕ್ಕೇ ಮೀನು ತೂಗು ಹಾಕುವುದು ಚಳಿಗಾಲದಲ್ಲಿ. ನೊಣ ಎದ್ದು ಮೊಟ್ಟೆ ಇಡುವ ಹೊತ್ತಿಗೆ ಮೀನಿನ ಮೇಲ್ಮೈ ಒಣಗಿ ಗಟ್ಟಿಯಾಗಿರಬೇಕು. ತಲೆಯನ್ನು ಒಳಗೆ ಒಣಗಿಸುವುದರಲ್ಲಿ ನೊಣದ ಕಾಟ ತಪ್ಪಿಸುವುದೂ ಒಂದು ಲಾಭ. ಇಷ್ಟು ಹೇಳಿದೆ.

ಅವರು ತಲೆ ಆಡಿಸಿದರು. ಕೈಯಲ್ಲಿದ್ದ ಹ್ಯಾಡಕ್ ಚೂರನ್ನು ಇನ್ನೊಮ್ಮೆ ಮುರಿದು, ಎಳೆ ನೋಡಿ, ಪಕ್ಕದವರಿಗೆ ಕೊಟ್ಟರು. "ಲಾಯ್ಕ್ ಒಣ್ಗಿತ್" ಅಂದರು. ಆಮೇಲೆ ಇದಕ್ಕೆ ಸುಟ್ಟ ಮೆಣಸು, ಕಾಯಿ, ಹುಣಸೆ ಹಾಕಿ ಚಟ್ನಿ ಅರೆದರೆ ಹೇಗಿರಬಹುದು ಅಂತ ತಮ್ಮಲ್ಲೇ ಮಾತಾಡಿಕೊಂಡರು. ಪೊಟ್ಟಣದಲ್ಲಿ ಎರಡು ತುಂಡು ಉಳಿದಿತ್ತು. ಪೇಪರಿನಲ್ಲಿ ಸುತ್ತಿ ಅವರಿಗೇ ಕೊಟ್ಟು ಬಂದೆ.